ಜರಡಿ ಯಂತ್ರದ್ದು, ಜವಾಬ್ದಾರಿ ಯಾರದ್ದು?

ಎಂಡಿ, ಪಿಎಚ್.ಡಿ. ಓದುತ್ತಿರುವ ಗೆಳೆಯರೆ, ಸಿಸ್ಟಮ್ಯಾಟಿಕ್ ರಿವ್ಯೂ ಬರೆಯಿರಿ ಎಂದು ಗೈಡ್ ಹೇಳಿದ ಕೂಡಲೇ ನಿಮ್ಮಲ್ಲಿ ಎಷ್ಟು ಜನ ಚಾಟ್‌ಜಿಪಿಟಿ ತೆರೆದಿರಿ? ಎದೆ ಮುಟ್ಟಿಕೊಂಡು ಹೇಳಿ. ಒಂದು ಪ್ರಶ್ನೆಯ ಬಗ್ಗೆ ಜಗತ್ತಿನಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಹುಡುಕಿ, ಜರಡಿ ಹಿಡಿದು, ತೂಗಿ ನೋಡುವ ಕೆಲಸ ಅದು. ಸಾವಿರಾರು ಸಾರಾಂಶ ಓದಬೇಕು. ಕಣ್ಣು ಸೋಲುತ್ತದೆ, ನಿಜ.

ಆದರೆ ಈ ಕೆಲಸದ ಬೆಲೆ ಗೊತ್ತೆ? ಅವಧಿಗೆ ಮುನ್ನ ಹೆರಿಗೆಯಾಗುವ ಸೂಚನೆಯಿರುವ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಕೂಸು ಉಳಿಯುತ್ತದೆಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲೇ ತೋರಿಸಿದ್ದರು. ಆಮೇಲೂ ಹಲವು ಪ್ರಯೋಗ ನಡೆದವು. ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದ ಸಮೀಕ್ಷೆ ಹೊರಬಂದದ್ದು 1989ರಲ್ಲಿ! ಅಷ್ಟರೊಳಗೆ ಉಳಿಯಬಹುದಾಗಿದ್ದ ಸಾವಿರಾರು ಕೂಸುಗಳು ಹೋಗಿರಬೇಕು. 1993ರಲ್ಲಿ ಹುಟ್ಟಿದ ಕಾಕ್ರೇನ್ ಸಂಸ್ಥೆ ಆ ಪ್ರಯೋಗಗಳ ಲೆಕ್ಕದ ಚಿತ್ರವನ್ನೇ ಲಾಂಛನ ಮಾಡಿಕೊಂಡಿದೆ.

ಹಾಗಾದರೆ ಯಂತ್ರ ಬೇಡವೆ? ಬೇಕು ಸ್ವಾಮಿ. ನೆದರ್‌ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಎಎಸ್‌ರಿವ್ಯೂ ಪುಕ್ಕಟೆ ಸಿಗುತ್ತದೆ. ನೀವು ಕೆಲವನ್ನು 'ಬೇಕು', ಕೆಲವನ್ನು 'ಬೇಡ' ಎಂದು ಗುರುತು ಹಾಕುತ್ತ ಹೋದರೆ ಅದು ಕಲಿತುಕೊಂಡು, ಬೇಕಾಗಬಹುದಾದವನ್ನು ಮೇಲಕ್ಕೆ ತರುತ್ತದೆ. ಎಲ್ಲಿ ನಿಲ್ಲಿಸಬೇಕು ಎಂಬುದು ಮಾತ್ರ ನಿಮ್ಮ ತೀರ್ಮಾನ. ಅವಸರದಲ್ಲಿ ನಿಲ್ಲಿಸಿದರೆ, ಉತ್ತರವನ್ನೇ ತಿರುಗಿಸುವ ಅಧ್ಯಯನ ಅಡಿಯಲ್ಲಿ ಉಳಿದುಹೋಗಬಹುದು. ಮಾತುಗಾರ ಯಂತ್ರಗಳ ಕಥೆಯೇ ಬೇರೆ. ಇಲ್ಲದ ಲೇಖನ, ಇಲ್ಲದ ಪುಟಸಂಖ್ಯೆಯನ್ನು ಅಳುಕಿಲ್ಲದೆ ಹೇಳಿಬಿಡುತ್ತವೆ. ವಿಜ್ಞಾನಕ್ಕೆಂದೇ ಮೆಟಾ ಕಂಪನಿ 2022ರ ನವೆಂಬರಿನಲ್ಲಿ ಸಾರ್ವಜನಿಕರಿಗೆ ಬಿಟ್ಟ ಗ್ಯಾಲಕ್ಟಿಕಾ ಮೂರೇ ದಿನಕ್ಕೆ ಬಾಗಿಲು ಹಾಕಿತು.

ಇನ್ನೊಂದು ಮಾತು, ಇದು ನಮಗೆ ಹೆಚ್ಚು ನಾಟಬೇಕು. ಎಷ್ಟೋ ಸಮೀಕ್ಷೆಗಳು 'ಇಂಗ್ಲಿಷಿನಲ್ಲಿದ್ದರೆ ಮಾತ್ರ' ಎಂಬ ಷರತ್ತು ಹಾಕಿ ಚೀನೀ, ಸ್ಪ್ಯಾನಿಷ್, ಪೋರ್ಚುಗೀಸ್ ಅಧ್ಯಯನಗಳನ್ನು ಓದದೆಯೇ ಎಸೆಯುತ್ತವೆ. ಅನುವಾದಕ್ಕೆ ದುಡ್ಡಿಲ್ಲ ಎಂಬುದು ಹಳೆಯ ನೆಪ. ಈಗ ಯಂತ್ರವೇ ಅನುವಾದಿಸಿ ಕೊಡುತ್ತದೆ. ಆ ಭಾಷೆ ಬಲ್ಲವರೊಬ್ಬರಿಗೆ ತೋರಿಸಿ ಸರಿ ನೋಡಿಕೊಳ್ಳಿ, ಅಷ್ಟೇ. ಕನ್ನಡಕ್ಕೆ ಜಾಗ ಕೇಳುವ ನಾವೇ ಪರರ ನುಡಿಯನ್ನು ಕಸದ ಬುಟ್ಟಿಗೆ ಹಾಕುವುದೆ?

ಎಐ ಬಳಸಿದರೂ ಹೊಣೆ ಲೇಖಕರದ್ದೇ, ಬಳಸಿದ್ದನ್ನು ಬಚ್ಚಿಡಬಾರದು ಎಂದು ಕಾಕ್ರೇನ್ ಮತ್ತಿತರ ಸಂಸ್ಥೆಗಳು 2025ರಲ್ಲಿ ಹೇಳಿವೆ. ಯಾವ ಯಂತ್ರ, ಯಾವ ಹಂತದಲ್ಲಿ, ಮರಳಿ ನೋಡಿದವರು ಯಾರು, ಇಷ್ಟನ್ನೂ ಪ್ರಬಂಧದಲ್ಲೇ ಬರೆಯಿರಿ. ಗೈಡ್ ಕೇಳದಿದ್ದರೂ ಬರೆಯಿರಿ.