ಗೃಹಕೃತ್ಯ: ದೊಣ್ಣೆಮೆಣಸಿನಕಾಯಿಯ ಗುಣದೋಷ

ವೈಟ್‌ಫೀಲ್ಡಿನ ತರಕಾರಿಯಂಗಡಿಗಳಲ್ಲಿ ಕೆಂಪು, ಹಳದಿ ದೊಣ್ಣೆಮೆಣಸಿನಕಾಯಿಗಳು ಈಗ ಅಪರೂಪವಲ್ಲ. ಹೆಚ್ಚು ಬೆಲೆಯನ್ನು ತೆರುವಾಗ ಗುಣವನ್ನು ಪರೀಕ್ಷಿಸುವುದು ನ್ಯಾಯವೇ. ಆದರೆ ನಾವು ಹೊಳಪನ್ನೂ ಆಕಾರವನ್ನೂ ಮಾತ್ರ ನೋಡಿ, ಸೊಟ್ಟಗಿರುವುದನ್ನು ಬದಿಗೆ ತಳ್ಳಿಬಿಡುತ್ತೇವೆ. ಈ ಪರೀಕ್ಷೆ ಸಾಲದು.

ಬಣ್ಣದ ಕಾಯಿಗಳನ್ನು ಹೆಚ್ಚಾಗಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹಸುರುಮನೆಗಳಲ್ಲಿ ಬೆಳೆಯುವರು. ಬೆಂಗಳೂರಿನ ಸುತ್ತಣ ಹಳ್ಳಿಗಳಲ್ಲಿ ಇಂತಹ ಮನೆಗಳು ಕಾಣಸಿಗುವುವು. ಪೀಣ್ಯದಾಚೆ ಹೆಸರಘಟ್ಟದಲ್ಲಿ 1967ರಲ್ಲಿ ಆರಂಭವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅರ್ಕಾ ಮೋಹಿನಿ, ಅರ್ಕಾ ಗೌರವ್ ಎಂಬ ತಳಿಗಳನ್ನು ಕೊಟ್ಟಿದೆ. ಆದರೆ ತಳಿಯೊಂದೇ ಸಾಲದು. ಕಾಯಿಯ ಗುಣವು ಅದು ಬೆಳೆದ ಮನೆಯ ಹವೆಯನ್ನೂ ಅವಲಂಬಿಸಿದೆ.

ಈ ಗಿಡಕ್ಕೆ ಹಗಲಿನಲ್ಲಿ 20ರಿಂದ 25 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಹಿತ. ಬೇಸಗೆಯಲ್ಲಿ ಗಾಳಿಯಾಡದ ಹಸುರುಮನೆಯು ಹೊರಗಿಗಿಂತಲೂ ಕಾಯುವುದು. ಆಗ ಹೂವು ಉದುರಿ ಫಸಲು ಕುಗ್ಗುವುದು. ರಾತ್ರಿಯ ಚಳಿ ಮಿತಿಮೀರಿದರೆ ಪರಾಗವು ಬಲಗುಂದಿ ಬೀಜಗಳು ಸರಿಯಾಗಿ ಕಟ್ಟುವುದಿಲ್ಲ. ಬೀಜ ಕಡಮೆಯಾದ ಕಾಯಿ ಕಿರಿದಾಗಿ, ಸೊಟ್ಟಗಾಗುವುದು. ಇದು ರೋಗವಲ್ಲ, ಪಲ್ಯಕ್ಕೆ ಹೆಚ್ಚಿದ ಮೇಲೆ ಆಕಾರವನ್ನು ಕೇಳುವವರಾರು?

ಲಕ್ಷ್ಯವಿಡಬೇಕಾದ ದೋಷಗಳು ಬೇರೆ. ಬುಡದಲ್ಲಿ ಕಂದುಬಣ್ಣದ ತಗ್ಗು ಮಚ್ಚೆಯಿದ್ದರೆ ಕಾಯಿಗೆ ಸಾಕಷ್ಟು ಸುಣ್ಣದಂಶ ತಲಪಿಲ್ಲವೆಂದು ತಿಳಿಯತಕ್ಕದ್ದು. ಮಣ್ಣಿನಲ್ಲಿ ಸುಣ್ಣವಿದ್ದರೂ, ನೀರು ಒಂದು ದಿನ ಹೆಚ್ಚು, ಒಂದು ದಿನ ಕಡಮೆಯಾದರೆ ಹೀಗಾಗುವುದುಂಟು. ಎಲೆಯ ನೆರಳು ತಪ್ಪಿ ನೇರ ಬಿಸಿಲು ಬಿದ್ದಲ್ಲಿ ಸಿಪ್ಪೆಯು ಬಿಳುಪೇರಿ ಕಾಗದದಂತಾಗುವುದು. ಇಂತಹ ಗಾಯಗಳಿಂದ ಕೊಳೆ ಒಳಹೊಗುವುದು. ಮಚ್ಚೆ ಚಿಕ್ಕದಾಗಿದ್ದರೆ ಕೊಯ್ದು ತೆಗೆದು ಅಂದೇ ಬಳಸಬಹುದು. ಒಳಗೆ ಬೂಸಲು ಕಂಡರೆ ಎಸೆಯತಕ್ಕದ್ದು.

ಇನ್ನು ಬಣ್ಣದ ಮಾತು. ಹಸುರು ಕಾಯಿ ಎಳೆಯದು. ಅದೇ ಗಿಡದಲ್ಲಿ ಇನ್ನೂ ಕೆಲವು ವಾರ ನಿಂತು ಹಣ್ಣಾದಾಗ, ತಳಿಗೆ ತಕ್ಕಂತೆ ಕೆಂಪೋ ಹಳದಿಯೋ ಆಗುವುದು. ಸಿಹಿಯೂ ಸಿ ಜೀವಸತ್ತ್ವವೂ ಆಗ ಹೆಚ್ಚುವುವು. ಆ ವಾರಗಳ ಬಿಸಿಲು, ಚಳಿ, ಕೀಟಗಳ ಭಯವನ್ನೆಲ್ಲ ಹೊರುವವನು ಬೆಳೆಗಾರನು. ಬೆಲೆ ಹೆಚ್ಚಿರಲು ಇದೂ ಒಂದು ಕಾರಣ.

ಆದುದರಿಂದ ಕೊಳ್ಳುವಾಗ ತೊಟ್ಟು ಹಸುರಾಗಿದೆಯೆ, ಕಾಯಿ ಗಟ್ಟಿಯಾಗಿ ಕೈಗೆ ತೂಕವೆನಿಸುವುದೆ ಎಂದು ನೋಡಿದರೆ ಸಾಕು. ಸೊಟ್ಟ ಕಾಯಿಯನ್ನು ನಾವೆಲ್ಲರೂ ತಳ್ಳಿದರೆ ಅದು ತಿಪ್ಪೆಯ ಪಾಲು, ನಷ್ಟ ಬೆಳೆದವನ ಪಾಲು. ಗೃಹಿಣಿಯರು ಮುಂದಿನ ಸಂತೆಯಲ್ಲಿ ಅಂತಹವೆರಡನ್ನೂ ಚೀಲಕ್ಕೆ ಹಾಕಿಕೊಳ್ಳುವರೆಂದು ನಂಬಿದ್ದೇವೆ.