‘ರೈಲ್ ಹುಚ್ಚ’ ಅನ್ನಬ್ಯಾಡ್ರಿ

ಅಕ್ಕಾರ, ಚಿಗವ್ವಾರ, ರೈಲು ನೋಡಾಕ ಓಡೋ ಹುಡುಗನ್ನ ‘ರೈಲ್ ಹುಚ್ಚ’ ಅಂತ ಕರಿಯೋದು ಬಿಡ್ರಿ.

ಹಿಂಗ ಹೆಸರಿಡೋದು ನಮ್ಮ ಕಡಿ ಅಷ್ಟ ಅಲ್ಲ. ಅಮೆರಿಕದಾಗ ಇಂಥೋರಿಗೆ ‘ಫೋಮರ್’ ಅಂತಾರ, ರೈಲು ಕಂಡ್ರ ಬಾಯಾಗ ನೊರಿ ಬರ್ತೈತಂತ! ಇಂಗ್ಲೆಂಡಿನಾಗ ‘ಅನೊರಾಕ್’, ಚಳಿ-ಮಳಿಯಾಗ ಪ್ಲಾಟ್‌ಫಾರ್ಮಿನ ಮ್ಯಾಲ ನಿಲ್ಲೋರು ಹಾಕ್ಕೊಳ್ಳೋ ಕೋಟಿನ ಹೆಸರದು.

ಅಲ್ಲಿ ರೈಲು ದಿನಾ ಕಾಣೋ ವಸ್ತು. ನಮಗ? ಗಿಣಿಗೇರಾ–ಮೆಹಬೂಬನಗರ ಲೈನು ಮಂಜೂರಾಗಿದ್ದು 1997-98ರಾಗ. ಸಿಂಧನೂರಿಗೆ ರೈಲು ಬಂದಿದ್ದು 2024ಕ್ಕ. ಗದಗ–ವಾಡಿ ಲೈನಿನಾಗ 2025ಕ್ಕ ಕುಷ್ಟಗಿತನಕ ರೈಲು ಬಂತು, ಲಿಂಗಸುಗೂರಿನೋರು ದಾರಿ ಕಾಯಾಕತ್ತಾರ. ಮಸ್ಕಿಯೋರು ರೈಲು ಹತ್ತಬೇಕಂದ್ರ ಮೊದಲು ಬಸ್ ಹತ್ತಬೇಕು. 25 ವರ್ಷದ ಮ್ಯಾಲ ಬಂದ ಎಂಜಿನ್ ನೋಡಿ ಕುಣಿಯೋದು ಹುಚ್ಚೇನ್ರಿ?

ದಿನಾಪೂರ್ತಿ ಕ್ರಿಕೆಟ್ ನೋಡೋನಿಗೆ ಹುಚ್ಚ ಅನ್ನಂಗಿಲ್ಲ. ಅತ್ತಿನ್ನ ಬೆಂಗಳೂರು ದವಾಖಾನಿಗೆ ಕರಕೊಂಡು ಹೋಗೋವಾಗ ಮಾತ್ರ ‘ಯಾವ ರೈಲೋ ತಮ್ಮಾ, ಎಷ್ಟಕ್ಕೋ?’ ಅಂತ ಇದ ಹುಚ್ಚನ್ನ ಕೇಳ್ತೀವಿ. ಹುಡುಗಿ ನಿಂತು ನೋಡಿದ್ರಂತೂ ಕೈ ಹಿಡಿದು ಮನಿಗೆ ಎಳಕೊಂಡು ಬರ್ತೀವಿ.

ಹಳಿ ಮ್ಯಾಲ ನಿಂತು ಸೆಲ್ಫಿ ತಗೊಂಡ್ರ ಬೈರಿ, ಜೋರಾಗೇ ಬೈರಿ. ಪ್ರೀತಿಗೆ ಬೈಬ್ಯಾಡ್ರಿ.