ಹಡಗನ್ನೇರಿ ಬಂದ ಪಾಠ

೧೮೪೩ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಶಿಕ್ಷಣ ಮಂಡಲಿಯ ಕಾರ್ಯದರ್ಶಿಯಾಗಿದ್ದ ಹೊರೇಸ್ ಮ್ಯಾನನು ಯೂರೋಪಿನ ಶಾಲೆಗಳನ್ನು ನೋಡಿಬಂದನು. ಪ್ರಷ್ಯದಲ್ಲಿ ಉಪಾಧ್ಯಾಯರು ಪುಸ್ತಕ ಹಿಡಿಯದೆಯೇ ಪಾಠ ಹೇಳುತ್ತಿದ್ದರು. ಒಂದು ಏಟಾಗಲಿ, ಅಳುವ ಒಂದು ಮಗುವಾಗಲಿ ಅವನ ಕಣ್ಣಿಗೆ ಬೀಳಲಿಲ್ಲ.

ಅರಸೊತ್ತಿಗೆಯ ನಾಡಿನ ಪದ್ಧತಿ ಪ್ರಜಾರಾಜ್ಯಕ್ಕೆ ಒಗ್ಗೀತೇ? ವಿಧೇಯ ಪ್ರಜೆಗಳನ್ನು ರೂಪಿಸಿದ ವಿಧಾನದಿಂದಲೇ ಸ್ವತಂತ್ರ ಪೌರರನ್ನೂ ರೂಪಿಸಬಹುದೆಂದು ಅವನು ತನ್ನ ವರದಿಯಲ್ಲಿ ವಾದಿಸಿದನು. ಬಾಸ್ಟನ್ನಿನ ೩೧ ಮಂದಿ ಉಪಾಧ್ಯಾಯರಾದರೋ, ದಂಡನೆಯ ಭಯವಿಲ್ಲದೆ ಶಾಲೆ ನಡೆಯದೆಂದು ೧೮೪೪ರಲ್ಲಿ ಪುಸ್ತಕವನ್ನೇ ಅಚ್ಚುಹಾಕಿಸಿ ಪ್ರತಿಭಟಿಸಿದರು. ಆ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ಹೊಡೆಯಬಾರದೆಂಬ ಕಾಯಿದೆ ಬಂದುದು ೧೯೭೧ರಲ್ಲಿ!

ಪದ್ಧತಿಯು ಹಡಗನ್ನೇರಿ ಕೆಲವೇ ವಾರಗಳಲ್ಲಿ ಬಂದೀತು. ಉಪಾಧ್ಯಾಯನ ಕೈಯಿಂದ ಬೆತ್ತ ಜಾರಬೇಕಾದರೆ ಅವನ ಮನಸ್ಸೇ ಮಾಗಬೇಕು.